ಮೊದಲು ‘ತುಂಬಾ ಮೆದು’, ಆಮೇಲೆ ‘ತುಂಬಾ ಬಿರುಸು’

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇವರು 38ರ ಆಸುಪಾಸಿನ ಹೆಂಗಸು, ಟೀಮ್ ಲೀಡ್. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದವರು. ಮಾತಾಡ್ತಾ ಹೋದ ಹಾಗೆ ವಿಷಯ ಹೊರಗೆ ಬಂತು: ಮ್ಯಾನೇಜರ್ ಹುದ್ದೆ ಎರಡನೇ ಸಲ ಕೈತಪ್ಪಿದೆ, ಅದೂ ಇವರೇ ಕೆಲಸ ಕಲಿಸಿದ ಹುಡುಗನಿಗೆ ಹೋಗಿದೆ.

ಎರಡು ವರ್ಷದ ಅಪ್ರೈಸಲ್ (ಕೆಲಸದ ಬಗ್ಗೆ ಬಾಸ್ ಬರೆಯೋ ವರ್ಷದ ಮೌಲ್ಯಮಾಪನ) ಪ್ರಿಂಟ್ ತಂದಿದ್ದರು. ಹಿಂದಿನದರಲ್ಲಿ ‘ತುಂಬಾ ಮೆದು, ಗಟ್ಟಿಯಾಗಿ ಹೇಳಲ್ಲ’ ಅಂತಿತ್ತು. ಸರಿ, ಗಟ್ಟಿಯಾದರು. ಈ ವರ್ಷ ‘ಮಾತು ಬಿರುಸು’. ಆ ಸಾಲಿನ ಕೆಳಗೆ ಪೆನ್ನಲ್ಲಿ ಗೆರೆ ಮೇಲೆ ಗೆರೆ ಎಳೆದು ಕಾಗದವೇ ಹರಿದಿತ್ತು.

‘ಮೇಡಂ, ನನ್ನ ಸ್ವಭಾವನೇ ಸರಿ ಇಲ್ವಾ? ಮಾತಾಡೋದು ಕಲಿಸೋ ಕ್ಲಾಸಿಗೆ ಸೇರ್ಲಾ?’

ಬೇಡ ಅಂದೆ. ವರ್ಜೀನಿಯಾ ಶೈನ್ ಅನ್ನೋ ಮನಶ್ಶಾಸ್ತ್ರಜ್ಞೆ 1973ರಲ್ಲೇ ತೋರಿಸಿದ್ದರು: ಒಳ್ಳೆ ಮ್ಯಾನೇಜರ್ ಹೇಗಿರ್ತಾರೆ ಅಂತ ಗಂಡಸು ಮ್ಯಾನೇಜರ್‌ಗಳು ಕೊಟ್ಟ ಚಿತ್ರ, ಗಂಡಸರ ಬಗ್ಗೆ ಅವರು ಕೊಟ್ಟ ಚಿತ್ರಕ್ಕೆ ಹೆಚ್ಚು ಹತ್ತಿರ ಇತ್ತು, ಹೆಂಗಸರದ್ದಕ್ಕೆ ಅಲ್ಲ. 2002ರಲ್ಲಿ ಈಗ್ಲಿ ಮತ್ತು ಕರಾವ್ ಅನ್ನೋ ಸಂಶೋಧಕರು ಇದರ ಇನ್ನೊಂದು ಮುಖ ವಿವರಿಸಿದರು. ಮೆದುವಾಗಿದ್ದರೆ ನಾಯಕಿ ಅನಿಸಲ್ಲ, ನಾಯಕಿ ಹಾಗೆ ನಡೆದುಕೊಂಡರೆ ಹೆಣ್ಣಿಗೆ ತಕ್ಕ ನಡತೆ ಅಲ್ಲ ಅನಿಸುತ್ತೆ. ಇಂಥ ಕಡೆ ದನಿ ಏರಿಸಿ ಇಳಿಸಿ ಸರಿಮಾಡ್ತೀನಿ ಅಂತ ಹೊರಟರೆ ಸುಮ್ನೆ ಸುಸ್ತಾಗೋದಷ್ಟೇ.

ಅದರ ಬದಲು ಬಾಸ್ ಹತ್ತಿರ ಜಗಳ ಆಡದೆ ಎರಡು ಪ್ರಶ್ನೆ ಕೇಳಿ ಅಂದೆ. ಬಿರುಸು ಅನಿಸಿದ್ದು ಯಾವ ಮೀಟಿಂಗಲ್ಲಿ? ಅದರಿಂದ ಯಾವ ಕೆಲಸ ಕೆಟ್ಟಿತು? ನಿಜವಾದ ಉದಾಹರಣೆ ಕೊಟ್ಟರೆ ಕೇಳಿಸಿಕೊಳ್ಳಿ, ಹೆಣ್ಣಿಗೆ ಬಂದ ಟೀಕೆಯೆಲ್ಲ ಸುಳ್ಳಾಗಿರಬೇಕು ಅಂತೇನಿಲ್ಲ. ಕೊಡಲಿಲ್ಲ ಅಂದರೆ, ಈ ಹುದ್ದೆಗೆ ಏನೇನು ಮಾಡಿ ತೋರಿಸಬೇಕು ಅಂತ ಕೇಳಿ, ಹೇಳಿದ್ದನ್ನು ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸಿ.

ಇನ್ನೊಂದು ಕೆಲಸ ಕೊಟ್ಟೆ, ಅದು ಅವರಿಗೆ ಅಷ್ಟು ಹಿಡಿಸಲಿಲ್ಲ. ನಿಮ್ಮ ತಂಡದವರಿಗೆ ನೀವು ಬರೆದ ಅಪ್ರೈಸಲ್ ಒಮ್ಮೆ ಓದಿ ಅಂದೆ. ಮುಂದಿನ ವಾರ ಬಂದವರ ಮುಖ ಸಣ್ಣಗಾಗಿತ್ತು. ಒಬ್ಬ ಹುಡುಗನಿಗೆ ‘ಮುಂದೆ ನಿಂತು ನಡೆಸುತ್ತಾನೆ’ ಅಂತ ಬರೆದಿದ್ದರು, ಅಷ್ಟೇ ಕೆಲಸ ಮಾಡಿದ ಹುಡುಗಿಗೆ ‘ಎಲ್ಲರ ಜೊತೆ ಹೊಂದಿಕೊಳ್ಳುತ್ತಾಳೆ’ ಅಂತ. ಇದೇನೂ ಅಪರೂಪ ಅಲ್ಲ, ಶೈನ್ 1975ರಲ್ಲಿ ಮಹಿಳಾ ಮ್ಯಾನೇಜರ್‌ಗಳನ್ನು ಕೇಳಿದಾಗಲೂ ಗಂಡಸು ಮ್ಯಾನೇಜರ್‌ಗಳು ಕೊಟ್ಟಿದ್ದ ಉತ್ತರವೇ ಹೆಚ್ಚುಕಡಿಮೆ ಬಂದಿತ್ತು. ಮುಂದಿನ ಸಲ ಹೆಸರು ಅದಲುಬದಲು ಮಾಡಿ ಓದಿ, ಹುಡುಗನ ಹೆಸರಿಗೆ ವಿಚಿತ್ರ ಅನಿಸಿದ ಸಾಲು ತೆಗೆದು ಅಲ್ಲಿ ಅವಳು ಮಾಡಿದ ಕೆಲಸ ಬರೆಯಿರಿ ಅಂತ ಹೇಳಿದೆ.

ಬಾಸ್ ಜೊತೆಗಿನ ಮಾತು ಇನ್ನೂ ಮುಗಿದಿಲ್ಲ. ಉದಾಹರಣೆ ಒಂದೂ ಬಂದಿಲ್ಲ, ‘ಒಟ್ಟಾರೆ ಹಾಗನಿಸುತ್ತೆ’ ಅಂದರಂತೆ. ಮೇಲ್‌ಗೆ ಉತ್ತರ ಕೊಡದೆ ಹೀಗೇ ಎಳೆದಾಡಿದರೆ ಬೇರೆ ಕಡೆ ಅರ್ಜಿ ಹಾಕೋದೇ ವಾಸಿ ಅಂತ ನಾನು ನೇರವಾಗಿಯೇ ಹೇಳಿದ್ದೇನೆ.