ದಾರಿ ತೋರಿಸೋ ಉಪಗ್ರಹಕ್ಕೆ ದುಡ್ಡು ಕೊಟ್ಟವರು ಯಾರು?

ಪ್ರಶ್ನೆ: ಮೇಡಂ, ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಮೂರು ತಿಂಗಳು ಇದ್ದು ಬಂದೆ. ಒಂದು ಭಾನುವಾರ ಅಳಿಯ ಊರಾಚೆ ಕರೆದುಕೊಂಡು ಹೋದಾಗ ಒಂದು ಜಾಗ ತೋರಿಸಿ, "ಗೆಲಿಲಿಯೋ ಉಪಗ್ರಹಗಳನ್ನು ಇಲ್ಲಿಂದಲೇ ನಡೆಸೋದು, ಎಲ್ಲ ನಮ್ಮ ಟ್ಯಾಕ್ಸ್ ದುಡ್ಡು" ಎಂದ. ಅಮೆರಿಕದ ಜಿಪಿಎಸ್ ಬಿಟ್ಟಿ ಸಿಗುವಾಗ ಇವರಿಗೆ ಈ ಖರ್ಚು ಯಾಕೆ? ತಲೆಗೆ ಎಷ್ಟು ಬೀಳುತ್ತದೆ?
— ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ಅಳಿಯಂದಿರು ತೋರಿಸಿದ್ದು ಓಬರ್‌ಫಾಫೆನ್‌ಹೋಫೆನ್ ಇರಬೇಕು. ಆ ಹೆಸರು ಬರೆಯುವಷ್ಟರಲ್ಲಿ ನನಗೆ ಒಂದು ಲೋಟ ಕಾಫಿ ಬೇಕಾಯಿತು. ಇಂಥದ್ದೇ ಇನ್ನೊಂದು ಕೇಂದ್ರ ಇಟಲಿಯ ಫುಚಿನೋದಲ್ಲಿದೆ. ಗೆಲಿಲಿಯೋ ಅಂದರೆ ಜಿಪಿಎಸ್ ಥರವೇ ಉಪಗ್ರಹದಿಂದ ದಾರಿ ತೋರಿಸುವ ಯುರೋಪಿನ ಸ್ವಂತ ವ್ಯವಸ್ಥೆ.

ಬಿಟ್ಟಿ ಅಂದಿರಲ್ಲ, ಅದು ಪಕ್ಕದ ಮನೆಯವರ ಬಾವಿ ಇದ್ದ ಹಾಗೆ. ನೀರು ಸೇದಿಕೊಳ್ಳಿ ಅಂತಾರೆ, ದುಡ್ಡೂ ಕೇಳಲ್ಲ. ಆದರೆ ಹಗ್ಗ, ಗಡಗಡೆ, ಬಾಗಿಲ ಚಿಲಕ ಎಲ್ಲ ಅವರದು. ಜಿಪಿಎಸ್ ಅಮೆರಿಕದ ಸೇನೆಯದು. 2000ದ ಮೇ ತಿಂಗಳವರೆಗೂ ಜನಸಾಮಾನ್ಯರಿಗೆ ಬೇಕೆಂದೇ ಸ್ವಲ್ಪ ಕೆಡಿಸಿದ ಸಿಗ್ನಲ್ ಕೊಡುತ್ತಿದ್ದರು. ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ಆಮೇಲೆ ಒಂದು ದಿನ ಅಧ್ಯಕ್ಷ ಕ್ಲಿಂಟನ್ ಆದೇಶ ಮಾಡಿದರು, ಕೆಡಿಸುವುದು ನಿಂತಿತು. ಒಂದು ಆದೇಶದಿಂದ ಸರಿಹೋಗುವ ವಸ್ತು ಇನ್ನೊಂದು ಆದೇಶದಿಂದ ಕೆಡಬಹುದು ಅಲ್ವಾ? ವಿಮಾನ, ಬ್ಯಾಂಕಿನ ಗಡಿಯಾರ, ವಿದ್ಯುತ್ ಜಾಲ ಎಲ್ಲ ಆ ಸಿಗ್ನಲ್ ನಂಬಿ ಕೂತಿರುವಾಗ ಸ್ವಂತ ಬಾವಿ ತೋಡೋಣ ಅಂದರು ಯುರೋಪಿನವರು.

ತಲೆಗೆ ಎಷ್ಟು? 2021ರಿಂದ 2027ರವರೆಗಿನ ಏಳು ವರ್ಷಕ್ಕೆ ಯುರೋಪಿಯನ್ ಒಕ್ಕೂಟದ ಬಜೆಟ್‌ನಲ್ಲಿ ಗೆಲಿಲಿಯೋಗೂ, ಜಿಪಿಎಸ್ ಸಿಗ್ನಲ್ಲಿನ ತಪ್ಪು ತಿದ್ದಿಕೊಡುವ ಎಗ್ನಾಸ್ ಎಂಬ ಜೊತೆ ವ್ಯವಸ್ಥೆಗೂ ಸೇರಿ ಇಟ್ಟಿರುವುದು ಸುಮಾರು 900 ಕೋಟಿ ಯೂರೋ. ಒಕ್ಕೂಟದ ಜನಸಂಖ್ಯೆ ಹೆಚ್ಚುಕಮ್ಮಿ 45 ಕೋಟಿ. ಭಾಗಿಸಿ ನೋಡಿ: ತಲೆಗೆ 20 ಯೂರೋ, ವರ್ಷಕ್ಕೆ ಮೂರಕ್ಕೂ ಕಮ್ಮಿ. ಅಳಿಯಂದಿರು ನಿಮಗೆ ಅಲ್ಲಿ ಕೊಡಿಸಿದ ಒಂದು ಕಾಫಿಯ ಬಿಲ್ ಜೋಪಾನವಾಗಿ ಇಟ್ಟುಕೊಂಡಿದ್ದರೆ ಹೋಲಿಸಿ.

ಪ್ರಶ್ನೆ: ಗೆಲಿಲಿಯೋಗೆ ಮೊದಲು ಖಾಸಗಿ ಕಂಪನಿಗಳೇ ಹೆಚ್ಚು ಹಣ ಹಾಕುತ್ತವೆ ಎಂದಿತ್ತು ಅಂತ ಓದಿದೆ. ಯಾಕೆ ಬಿಟ್ಟರು? ಸರ್ಕಾರಕ್ಕಿಂತ ಅವರು ಅಗ್ಗವಾಗಿ ಮಾಡುತ್ತಿದ್ದರಲ್ಲವೇ?
— ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ ಮಗಳೇ. ಸ್ವಲ್ಪ ಉದ್ದ ಆಗುತ್ತದೆ, ಕೂತುಕೋ.

ಶುರುವಿನ ಎಸ್ಟಿಮೇಟ್ ಹೀಗಿತ್ತು. ಉಪಗ್ರಹಗಳನ್ನು ಮೇಲೆ ಕಳಿಸಿ ಕೂರಿಸಲು 210 ಕೋಟಿ ಯೂರೋ. ಅದರಲ್ಲಿ ಸರ್ಕಾರದ ಪಾಲು ಹೆಚ್ಚೆಂದರೆ ಮೂರನೇ ಒಂದು. ಉಳಿದದ್ದು ಕಂಪನಿಗಳದು. ಅವರು ವರ್ಷಗಟ್ಟಲೆ ಅದನ್ನು ನಡೆಸಿ, ವಿಶೇಷ ಸೇವೆ ಮಾರಿ ದುಡ್ಡು ವಾಪಸ್ ಮಾಡಿಕೊಳ್ಳಬೇಕು. ಕಾಗದದ ಮೇಲೆ ಚಂದ ಇತ್ತು. ಒಪ್ಪಂದ ಕುದುರಿಸಲೆಂದೇ 2002ರಲ್ಲಿ ಒಂದು ಜಂಟಿ ಸಂಸ್ಥೆ ಮಾಡಿದರು.

ಎರಡು ಗುಂಪುಗಳು ಪೈಪೋಟಿಗೆ ನಿಂತವು. 2005ರಲ್ಲಿ ಆ ಎರಡೂ ಸೇರಿ ಒಂದಾದವು! ಟೆಂಡರ್ ಹಾಕಿದ ಇಬ್ಬರು ಒಂದೇ ಆಟೋದಲ್ಲಿ ಬಂದು ಇಳಿದರೆ ನಮ್ಮ ಕಚೇರಿಯಲ್ಲಿ ಜವಾನನಿಗೂ ಗೊತ್ತಾಗುತ್ತಿತ್ತು, ಇನ್ನು ರೇಟು ಇಳಿಯಲ್ಲ ಅಂತ. ಇಲ್ಲಿ ಬಂದು ಇಳಿದಿದ್ದು ಎಂಟು ಕಂಪನಿಗಳು. ಯಾರಿಗೆ ಎಷ್ಟು ಕೆಲಸ, ಯಾವ ದೇಶಕ್ಕೆ ಯಾವ ಕೇಂದ್ರ ಎಂಬ ಜಗಳದಲ್ಲೇ ಕಾಲ ಹೋಯಿತು. ಮಂತ್ರಿಗಳು 2007ರ ಮೇ 10ರ ಗಡುವು ಕೊಟ್ಟರು. ಗಡುವು ದಾಟಿತು. ಜೂನ್‌ನಲ್ಲಿ ಮಾತುಕತೆಯನ್ನೇ ನಿಲ್ಲಿಸಿದರು.

ನಿಜವಾದ ಗಂಟು ಇದ್ದದ್ದು ಜಗಳದಲ್ಲಿ ಅಲ್ಲ. ಉಪಗ್ರಹ ಕೆಟ್ಟರೆ ನಷ್ಟ ಯಾರಿಗೆ? ಗಿರಾಕಿ ಬರದಿದ್ದರೆ ಯಾರಿಗೆ? ಕಂಪನಿಗಳು ಆ ಭಾರ ಹೊರಲು ಒಪ್ಪಲಿಲ್ಲ. ಅವರನ್ನು ಬೈಯಲಾರೆ. ಪಕ್ಕದಲ್ಲಿ ಜಿಪಿಎಸ್ ಬಿಟ್ಟಿ ಹಂಚುತ್ತಿರುವಾಗ ನೀನು ದಾರಿ ಹೇಳುವುದಕ್ಕೆ ದುಡ್ಡು ಕೇಳಿದರೆ ಯಾರು ಬರುತ್ತಾರೆ?

ಇಲ್ಲೊಂದು ನನ್ನ ಕಥೆ ಹೇಳಲೇಬೇಕು. ಆಡಿಟ್ ಸರ್ವಿಸ್‌ನಲ್ಲಿದ್ದಾಗ ಒಂದು ಊರಿನ ಬಸ್ ನಿಲ್ದಾಣದ ಫೈಲು ನನ್ನ ಮೇಜಿಗೆ ಬಂತು. ಊರು ಬೇಡ, ಹೆಸರೂ ಬೇಡ. ಕೆಳಗೆ ಬಸ್ಸು, ಮೇಲೆ ಅಂಗಡಿ ಸಾಲು, ಕಟ್ಟೋದು ಖಾಸಗಿಯವರು, ಬಾಡಿಗೆ ಅವರಿಗೆ. ಕೆಂಪು ಟ್ಯಾಗ್ ಕಟ್ಟಿದ ದಪ್ಪ ಅಗ್ರಿಮೆಂಟು. ಬಾಯಲ್ಲಿ ಎಲ್ಲರೂ "ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ ಮೇಡಂ" ಅಂತಿದ್ದರು. ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಅಂಗಡಿಗಳು ಭರ್ತಿ ಆಗದಿದ್ದರೆ ಬಾಡಿಗೆಯ ಕೊರತೆಯನ್ನು ಸ್ಥಳೀಯ ಸಂಸ್ಥೆ ತುಂಬಿಕೊಡಬೇಕು. ಅಂಗಡಿಗಳು ಭರ್ತಿ ಆಗಿರಲಿಲ್ಲ. ನಾನು ನೋಡಲು ಹೋದ ದಿನ ಮೇಲಿನ ಮಹಡಿಯಲ್ಲಿ ಒಬ್ಬ ಟೈಲರ್ ಮಾತ್ರ ಇದ್ದ, ಪಾರಿವಾಳಗಳು ಜಾಸ್ತಿ ಇದ್ದವು. ಆ ಸಾಲಿನ ಮೇಲೆ ಆಕ್ಷೇಪಣೆ ಎತ್ತಿ ಬರೆದ ಆಡಿಟ್ ಪ್ಯಾರಾಕ್ಕೆ ನಾನು ನಿವೃತ್ತಿ ಆಗುವವರೆಗೂ ಉತ್ತರ ಬರಲಿಲ್ಲ.

ಹಾಗಾಗಿ ಯುರೋಪು ಆ ಅಗ್ರಿಮೆಂಟಿಗೆ ಸಹಿ ಹಾಕದೆ ಎದ್ದು ಬಂದದ್ದು ಒಳ್ಳೆಯದೇ ಆಯಿತು ಅನ್ನುವವಳು ನಾನು. ದುಡ್ಡು ಪೂರ್ತಿ ಸರ್ಕಾರದ್ದೇ ಆದರೆ, ಕೊನೇ ಪಕ್ಷ ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಗೊತ್ತಿರುತ್ತದೆ.

2008ರ ಕಾನೂನಿನಲ್ಲಿ 340 ಕೋಟಿ ಯೂರೋ ಇಟ್ಟರು. ಎಲ್ಲಿಂದ ಬಂತು ಗೊತ್ತಾ? ಕಂಪನಿಗಳು ಕೈಬಿಟ್ಟಿದ್ದರಿಂದ ಬಿದ್ದ ಕೊರತೆಯ ದೊಡ್ಡ ಪಾಲನ್ನು ಕೃಷಿಗೆ, ಆಡಳಿತಕ್ಕೆ ಅಂತ ತೆಗೆದಿಟ್ಟು ಖರ್ಚಾಗದೆ ಉಳಿದ ಹಣದಿಂದ ತುಂಬಿದರು. ದನದ ಹಿಂಡಿಯ ಲೆಕ್ಕದಲ್ಲಿ ರಾಕೆಟ್ಟು! ಬ್ರಿಟನ್ನಿನ ಸಂಸತ್ ಸಮಿತಿಯೊಂದು, ಜನಕ್ಕೆ ಬೇಕಿರುವುದು ಒಳ್ಳೆ ರೈಲು, ಒಳ್ಳೆ ರಸ್ತೆ ಅಂತ ಕೂಗಿತು. ಸ್ಪೇನ್ ತನಗೂ ಒಂದು ಕೇಂದ್ರ ಬೇಕೆಂದು ಪಟ್ಟು ಹಿಡಿಯಿತು.

ಆ ಕಾನೂನಿನಲ್ಲಿ ನನಗೆ ಇಷ್ಟವಾದ ಭಾಗ ಬೇರೆ ಇದೆ. ಕೆಲಸವನ್ನು ಆರು ತುಂಡು ಮಾಡಿದರು. ಮುಖ್ಯ ಗುತ್ತಿಗೆದಾರನಾಗಿ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ತುಂಡು ಇಲ್ಲ. ಒಟ್ಟು ಮೌಲ್ಯದಲ್ಲಿ ಕನಿಷ್ಠ ಶೇ. 40ರಷ್ಟು ಕೆಲಸವನ್ನು ಪೈಪೋಟಿಯಲ್ಲಿ ಹೊರಗಿನ ಉಪಗುತ್ತಿಗೆದಾರರಿಗೆ ಕೊಡಬೇಕು. ಆಟೋದಲ್ಲಿ ಒಟ್ಟಿಗೆ ಬಂದವರನ್ನು ನೋಡಿ ಕಲಿತ ಪಾಠ ಇದು.

ಇನ್ನು ಆ "ವಿಶೇಷ ಸೇವೆ" ಏನಾಯಿತು ಕೇಳು. 20 ಸೆಂಟಿಮೀಟರ್ ಆಸುಪಾಸಿನಲ್ಲಿ ಜಾಗ ಹೇಳುವ ಸೇವೆ 2023ರ ಜನವರಿಯಲ್ಲಿ ಶುರುವಾಯಿತು. ಬಿಟ್ಟಿಯಾಗಿ. ಆ ಎಂಟು ಕಂಪನಿಗಳು ಏನು ಮಾರುತ್ತಿದ್ದವೋ.

ಪ್ರಶ್ನೆ: ಅಕ್ಕಾ, ಇಷ್ಟು ದುಡ್ಡಿಗೆ ಕಾವಲು ಯಾರು? ಅಲ್ಲೂ ಆಡಿಟ್ ಪ್ಯಾರಾಗಳು ಧೂಳು ತಿನ್ನುತ್ತವಾ?
— ಪಿಡಿಒ, ಹಾವೇರಿ ಜಿಲ್ಲೆ

ಉತ್ತರ: ಪಿಡಿಒ ಸಾಹೇಬರೇ, ಆಡಿಟ್ ಬಗ್ಗೆ ನೀವು ಕೇಳಿದ್ದು ನೋಡಿ ನಗು ಬಂತು. ನಿಮ್ಮ ಪಂಚಾಯ್ತಿಯ ಪ್ಯಾರಾಗಳು ಕ್ಷೇಮವೇ?

ಮಾಲೀಕ ಯುರೋಪಿಯನ್ ಒಕ್ಕೂಟ. ಯೋಜನೆಯ ಯಜಮಾನಿಕೆ ಅದರ ಆಯೋಗದ್ದು. ವಿನ್ಯಾಸ, ಖರೀದಿ ನೋಡಿಕೊಳ್ಳುವುದು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ. ಇದು ಒಕ್ಕೂಟದ ಅಂಗವೇ ಅಲ್ಲ, ಒಕ್ಕೂಟದಲ್ಲಿಲ್ಲದ ನಾರ್ವೆ, ಸ್ವಿಟ್ಜರ್‌ಲೆಂಡ್ ಕೂಡ ಇದರ ಸದಸ್ಯರು. ದಿನನಿತ್ಯದ ಸೇವೆ ನೋಡಿಕೊಳ್ಳುವ ಏಜೆನ್ಸಿ ಪ್ರಾಗ್‌ನಲ್ಲಿದೆ. ದುಡ್ಡಿನ ಕೀಲಿ ಸಂಸತ್ತು ಮತ್ತು ಸದಸ್ಯ ಸರ್ಕಾರಗಳ ಕೈಲಿ. ಖಾಸಗಿಯವರ ಜೊತೆ ಮಾತುಕತೆ ಮುರಿದ ಮೇಲೆ ಏಳು ಜನರ ಒಂದು ಸಮಿತಿಯನ್ನೂ ಮಾಡಿದರು: ಸರ್ಕಾರಗಳ ಕಡೆಯಿಂದ ಮೂವರು, ಸಂಸತ್ತಿನಿಂದ ಮೂವರು, ಆಯೋಗದಿಂದ ಒಬ್ಬರು. ಓದುವಾಗ ನಿಮಗೆ ಸುಸ್ತಾಯಿತಲ್ಲ, ನನಗೂ ಆಯಿತು. ಇಷ್ಟು ಜನ ಯಜಮಾನರು ಜಾಸ್ತಿಯೇ.

ಲೆಕ್ಕ ನೋಡುವುದು ಲಕ್ಸೆಂಬರ್ಗ್‌ನಲ್ಲಿರುವ ಲೆಕ್ಕಪರಿಶೋಧಕರ ನ್ಯಾಯಾಲಯ. ಹೆಸರಿಗೆ ನ್ಯಾಯಾಲಯ, ಶಿಕ್ಷೆ ಕೊಡುವ ಅಧಿಕಾರ ಇಲ್ಲ. ನಮ್ಮ ಸಿಎಜಿ ಥರ ಅಂದುಕೊಳ್ಳಿ. 2009ರಲ್ಲಿ ಇವರು ಕೊಟ್ಟ ವರದಿ ಮುಲಾಜಿಲ್ಲದ್ದು. ಖಾಸಗಿ ಸಹಭಾಗಿತ್ವದ ಯೋಜನೆಗೆ ತಯಾರಿಯೇ ಸಾಲದಾಗಿತ್ತು, ಅದು ಆಗುಹೋಗುವ ಮಾತಾಗಿರಲಿಲ್ಲ ಅಂದರು. ಉಪಗ್ರಹಗಳನ್ನೆಲ್ಲ ಕೂರಿಸುವುದಕ್ಕೂ ಮುಂಚಿನ ಅಭಿವೃದ್ಧಿ ಹಂತದ ಅಂದಾಜು 110 ಕೋಟಿಯಿಂದ 210 ಕೋಟಿ ಯೂರೋಗೆ ಏರಿದೆ, ಕೆಲಸ ಐದು ವರ್ಷ ಹಿಂದೆ ಬಿದ್ದಿದೆ ಅಂತ ಬರೆದರು. ಅಷ್ಟರಲ್ಲಿ ಒಪ್ಪಂದ ಕುದುರಿಸಲೆಂದು ಮಾಡಿದ್ದ ಆ ಜಂಟಿ ಸಂಸ್ಥೆ ಬಾಗಿಲು ಹಾಕಿ ಎರಡು ವರ್ಷದ ಮೇಲಾಗಿತ್ತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ನಮ್ಮ ಕಸುಬಿನ ಹಣೆಬರಹವೇ ಅದು, ನಾವು ಬರುವುದು ಊಟ ಮುಗಿದ ಮೇಲೆ ಎಲೆ ಎಣಿಸಲು. ಆದರೂ ಒಂದು ವ್ಯತ್ಯಾಸ ಇದೆ. ಆ ವರದಿಯನ್ನು ಯಾರು ಬೇಕಾದರೂ ತೆಗೆದು ಓದಬಹುದು. ನಾನು ಓದಿದ್ದು ಮನೆಯ ಜಗಲಿಯಲ್ಲಿ ಕೂತು.

ಎಡವಟ್ಟುಗಳಿಗೆ ಬರಗಾಲ ಇಲ್ಲ. 2014ರ ಆಗಸ್ಟ್‌ನಲ್ಲಿ ಎರಡು ಉಪಗ್ರಹ ತಪ್ಪು ಕಕ್ಷೆಗೆ ಹೋದವು. ಕಾರಣ ಕೇಳಿದರೆ ಅಡುಗೆಮನೆಯವರಿಗೂ ಅರ್ಥವಾಗುತ್ತದೆ. ರಾಕೆಟ್ಟಿನ ಮೇಲಿನ ಹಂತದಲ್ಲಿ ಇಂಧನದ ಕೊಳವೆಯನ್ನು ತಣ್ಣನೆಯ ಹೀಲಿಯಂ ಕೊಳವೆಗೆ ತಾಗಿಸಿ ಕಟ್ಟಿದ್ದರು. ಇಂಧನ ಹೆಪ್ಪುಗಟ್ಟಿತು. ನಾನಾಗಿದ್ದರೆ "ಪೂರ್ಣ ನಷ್ಟ" ಅಂತ ಷರಾ ಬರೆದು ಫೈಲು ಮುಚ್ಚುತ್ತಿದ್ದೆ. ಮೊಟ್ಟೆಯಾಕಾರದ ಆ ಕಕ್ಷೆಯಲ್ಲೇ ಅವನ್ನು ಬಳಸಿ, ಗುರುತ್ವದಿಂದ ಗಡಿಯಾರ ನಿಧಾನವಾಗುತ್ತದೆ ಎಂಬ ಐನ್‌ಸ್ಟೈನ್ ಮಾತನ್ನು ಮೊದಲಿಗಿಂತ ನಿಖರವಾಗಿ ಅಳೆದರು ವಿಜ್ಞಾನಿಗಳು. ಇದನ್ನು ಯಾವ ಕಾಲಂನಲ್ಲಿ ಜಮಾ ಮಾಡಬೇಕೋ ನನಗೆ ತಿಳಿಯದು.

2017ರ ಜನವರಿಯಲ್ಲಿ ಉಪಗ್ರಹಗಳೊಳಗಿನ ಒಂಬತ್ತು ಪರಮಾಣು ಗಡಿಯಾರ ನಿಂತಿವೆ ಅಂದರು. ಒಂದು ಉಪಗ್ರಹಕ್ಕೆ ನಾಲ್ಕು ಗಡಿಯಾರ ಇರುವುದರಿಂದ ಸೇವೆ ನಿಲ್ಲಲಿಲ್ಲ. ಅದೇ ತಯಾರಕರ ಗಡಿಯಾರಗಳು ನಮ್ಮ ಭಾರತದ್ದೇ ದಾರಿ ತೋರಿಸುವ ವ್ಯವಸ್ಥೆ ನಾವಿಕ್‌ನ ಮೊದಲ ಉಪಗ್ರಹದಲ್ಲೂ ಇದ್ದವು, ಅಲ್ಲಿ ಮೂರಕ್ಕೆ ಮೂರೂ ಕೆಟ್ಟವು. ಇಸ್ರೋದವರು ಆಮೇಲೆ ಸ್ವಂತ ರುಬಿಡಿಯಂ ಗಡಿಯಾರ ಮಾಡಿ 2023ರ ಮೇನಲ್ಲಿ ಎನ್‌ವಿಎಸ್-01 ಎಂಬ ಉಪಗ್ರಹದಲ್ಲಿ ಕಳಿಸಿದರು. 2019ರ ಜುಲೈನಲ್ಲಂತೂ ಗೆಲಿಲಿಯೋ ಸೇವೆಯೇ ಸುಮಾರು ಒಂದು ವಾರ ಇರಲಿಲ್ಲ. ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ, ಫೋನು ಸುಮ್ನೆ ಜಿಪಿಎಸ್ ಹಿಡಿದುಕೊಂಡಿತು.

ಪ್ರಶ್ನೆ: ನಾನು ಬ್ರಿಟನ್ನಿನಲ್ಲಿರುವ ಕನ್ನಡಿಗ. ಒಕ್ಕೂಟ ಬಿಟ್ಟ ಮೇಲೆ ಗೆಲಿಲಿಯೋಗೆ ಹಾಕಿದ ನಮ್ಮ ದುಡ್ಡು ವಾಪಸ್ ಬಂತೇ?
— ರೆಡಿಂಗ್‌ನಿಂದ ಓದುಗ

ಉತ್ತರ: ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ನೀವು ಹಾಕಿದ್ದು 120 ಕೋಟಿ ಪೌಂಡ್ ಅಂತ ನಿಮ್ಮ ಸರ್ಕಾರವೇ ಹೇಳಿತ್ತು. ಸರ್ಕಾರ, ಸೇನೆಗೆ ಮೀಸಲಾದ ಗುಪ್ತ ಸಿಗ್ನಲ್‌ನಿಂದ ಹೊರಗಾದ ಸಿಟ್ಟಿಗೆ ಸ್ವಂತದ್ದು ಕಟ್ಟುತ್ತೇವೆ ಅಂದರು. 2020ರಲ್ಲಿ ಅದನ್ನೂ ಕೈಬಿಟ್ಟರು. ಮಾಮೂಲಿ ಸಿಗ್ನಲ್ ನಿಮ್ಮ ಫೋನಿಗೆ ಈಗಲೂ ಸಿಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಊರಲ್ಲಿ ಗೆಲಿಲಿಯೋ ಸಿಗುತ್ತದೆಯೇ?
— ಗೃಹಿಣಿ, ಕುಂದಾಪುರ

ಉತ್ತರ: ಸಿಗುತ್ತದೆ. ಉಪಗ್ರಹಗಳು 23,222 ಕಿ.ಮೀ. ಎತ್ತರದಲ್ಲಿ ಭೂಮಿ ಸುತ್ತುತ್ತವೆ, ಕುಂದಾಪುರಕ್ಕೆ ಬೇರೆ ರೇಟಿಲ್ಲ. ಉಪಗ್ರಹ ತೋರಿಸುವ ಉಚಿತ ಆ್ಯಪ್‌ಗಳಿವೆ, ಒಂದನ್ನು ಹಾಕಿಕೊಳ್ಳಿ. ಮೊನ್ನೆ ಹಪ್ಪಳ ಒಣಹಾಕಲು ತಾರಸಿಗೆ ಹೋದಾಗ ನಾನೂ ನೋಡಿದೆ. ಉಪಗ್ರಹಗಳ ಪಕ್ಕ ಪುಟ್ಟ ಬಾವುಟ ಬರುತ್ತದೆ, ನೀಲಿಯಲ್ಲಿ ಹಳದಿ ಚುಕ್ಕಿ ಇದ್ದದ್ದು ಯುರೋಪಿನದು. ಆರು ಎಣಿಸಿದೆ. ಏಳನೆಯದು ನೀರಿನ ಟ್ಯಾಂಕಿನ ಹಿಂದೆ ಹೋಗಿ ಬಂದು ಮಾಡುತ್ತಿತ್ತು. ಒಳಗೆ ಕೂತು ನೋಡಬೇಡಿ, ಆರ್‌ಸಿಸಿ ಕೆಳಗೆ ಏನೂ ಕಾಣಲ್ಲ. ಅಂಗಳಕ್ಕೆ ಬಂದು, ತೆಂಗಿನ ಮರ ತಪ್ಪಿಸಿ ನಿಂತು, ಎರಡು ನಿಮಿಷ ಕಾಯಿರಿ.