ತೈವಾನಿನ ದೆವ್ವದ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡಬೇಕು? ಅಲ್ಲಿನ ಆಚರಣೆಗಳ ಬಗ್ಗೆ ಏನೇನು ಗೊತ್ತಿರಬೇಕು?

‘ಇನ್‌ಕ್ಯಾಂಟೇಶನ್’ ನೋಡಿ ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ ಅಂದಿದ್ದೀರಿ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಕಿತ್ತು, ಅಷ್ಟೆ. ಶಾಸ್ತ್ರದಲ್ಲಿ ಎಲ್ಲೋ ಲೋಪವಾಯಿತು ಅಂತ ಕಂಡ ಕ್ಷಣದಿಂದ ಈ ಸಿನಿಮಾಗಳಲ್ಲಿ ಭಯ ಶುರುವಾಗುತ್ತದೆ. ಅಲ್ಲಿನ ಪ್ರೇಕ್ಷಕರಿಗೆ ಆ ಶಾಸ್ತ್ರ ಮನೆಯಲ್ಲೇ ಗೊತ್ತಿರುವುದರಿಂದ ಯಾವ ಪಾತ್ರವೂ ಕೂತು ವಿವರಿಸುವುದಿಲ್ಲ.

ಮೊದಲು ‘ದಿ ಟ್ಯಾಗ್-ಅಲಾಂಗ್’ (2015) ನೋಡಿ, ನಿರ್ದೇಶಕ ಚೆಂಗ್ ವೇ-ಹಾವ್. 1998ರಲ್ಲಿ ತೈಚುಂಗ್‌ನ ಡಾಕೆಂಗ್ ಬೆಟ್ಟ ಹತ್ತುತ್ತಿದ್ದ ಕುಟುಂಬವೊಂದರ ವಿಡಿಯೊದಲ್ಲಿ, ಸಾಲಿನ ಕೊನೆಗೆ ಕೆಂಪು ಬಟ್ಟೆಯ ಅಪರಿಚಿತ ಹುಡುಗಿ ಕಾಣಿಸುತ್ತಾಳೆ. ಟಿವಿಯಲ್ಲಿ ಬಂದು ಊರೆಲ್ಲ ಮಾತಾಗಿದ್ದ ಆ ವಿಡಿಯೊವೇ ಇದರ ಮೂಲ. ಅದರ ಹಿಂದಿರುವುದು ಮೋ-ಶಿನ್-ಆ ಅನ್ನುವ ಕಾಡಿನ ಜೀವಿಯ ನಂಬಿಕೆ: ಅದು ಜನರ ದಾರಿ ತಪ್ಪಿಸುತ್ತದೆ, ಮೃಷ್ಟಾನ್ನ ಅಂತ ನಂಬಿಸಿ ಎಲೆ, ಮಿಡತೆ ತಿನ್ನಿಸುತ್ತದೆ. ಬೆಟ್ಟದಲ್ಲಿ ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು. ಇಷ್ಟು ಗೊತ್ತಿದ್ದರೆ ಸಿನಿಮಾದಲ್ಲಿ ಒಬ್ಬರು ವಾಪಸ್ ಬಂದಾಗ ಇನ್ನೊಬ್ಬರು ಯಾಕೆ ಕಾಣೆಯಾಗುತ್ತಾರೆ ಅಂತ ಹೊಳೆಯುತ್ತದೆ.

ಆಮೇಲೆ ‘ದಿ ರೋಪ್ ಕರ್ಸ್’ (2018). ಸಿನಿಮಾ ಸುಮಾರು, ಅದರೊಳಗಿನ ಆಚರಣೆ ಮಾತ್ರ ಮೈ ಜುಮ್ಮೆನ್ನಿಸುವಂಥದ್ದು. ಚಾಂಗ್‌ಹ್ವಾ ಕರಾವಳಿಯಲ್ಲಿ ಯಾರಾದರೂ ನೇಣು ಹಾಕಿಕೊಂಡು ಸತ್ತರೆ, ಆ ಪ್ರೇತ ತನ್ನ ಬದಲಿಗೆ ಇನ್ನೊಂದು ಜೀವ ಹುಡುಕುತ್ತದೆ ಅನ್ನುತ್ತಾರೆ. ಹಾಗಾಗಿ ರಾತ್ರಿ ಹೊತ್ತು ಆ ಹಗ್ಗವನ್ನು ಮೆರವಣಿಗೆಯಲ್ಲಿ ಸಮುದ್ರದ ದಡಕ್ಕೆ ಒಯ್ದು ಸುಡುತ್ತಾರೆ. ದಾರಿಯ ಮನೆಗಳವರು ಬಾಗಿಲು, ಕಿಟಕಿ ಮುಚ್ಚಿ ಮಂತ್ರದ ಚೀಟಿ ಅಂಟಿಸುತ್ತಾರೆ. ಅಕಸ್ಮಾತ್ ಮೆರವಣಿಗೆ ಎದುರಾದರೆ ತಿರುಗಿ ಓಡಬಾರದು, ಕೊನೆಯವರೆಗೂ ಜೊತೆಗೆ ಹೋಗಬೇಕು. ಪರದೆಯ ಮೇಲೆ ಯಾರಾದರೂ ಕುತೂಹಲಕ್ಕೆ ಇಣುಕಿದರೆ ಅವರ ಕಥೆ ಮುಗಿಯಿತು ಅಂದುಕೊಳ್ಳಿ!

ದೇವಸ್ಥಾನದ ದೃಶ್ಯ ಬಂದಾಗ ಕೈಗಳ ಮೇಲೆ ಕಣ್ಣಿಡಿ. ಅರ್ಧಚಂದ್ರಾಕಾರದ ಎರಡು ಮರದ ತುಂಡು ನೆಲಕ್ಕೆ ಹಾಕಿ ದೇವರನ್ನು ಕೇಳುತ್ತಾರೆ; ಪ್ರತಿ ತುಂಡಿಗೆ ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು. ಒಂದು ಚಪ್ಪಟೆ, ಒಂದು ಉಬ್ಬು ಮೇಲಾದರೆ ಹೌದು. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆಯನ್ನೇ ಸರಿಯಾಗಿ ಕೇಳಿ ಅಂತ. ದೊಡ್ಡ ವಿಷಯಕ್ಕೆ ಸತತ ಮೂರು ಸಲ ‘ಹೌದು’ ಬೀಳಬೇಕು. ಸುಡುವ ಕಾಗದವನ್ನೂ ಗಮನಿಸಿ: ಚಿನ್ನದ ಬಣ್ಣದ್ದು ದೇವರಿಗೆ, ಬೆಳ್ಳಿಯದು ಪಿತೃಗಳಿಗೆ ಮತ್ತು ಪ್ರೇತಗಳಿಗೆ.

ಮೈಮೇಲೆ ದೇವರು ಬರುವವರೂ ಸಿಗುತ್ತಾರೆ. ತುಳುನಾಡಿನ ದರ್ಶನ ಪಾತ್ರಿಯನ್ನು ಕಂಡವರಿಗೆ ಇದು ಬೇಗ ಹಿಡಿಯುತ್ತದೆ. ಬರಿಮೈಯಲ್ಲಿ ಕತ್ತಿ, ಮುಳ್ಳಿನ ಗುಂಡಿನಿಂದ ಬೆನ್ನಿಗೆ ಹೊಡೆದುಕೊಳ್ಳುತ್ತಾರೆ. ಆಡಿದ ಮಾತನ್ನು ಪಕ್ಕದಲ್ಲಿ ನಿಂತವನು ಬಿಡಿಸಿ ಹೇಳುತ್ತಾನೆ. ‘ದಿ ಟ್ಯಾಗ್-ಅಲಾಂಗ್ 2’ರಲ್ಲಿ (2017) ಹುಲಿದೇವರು ಮೈಮೇಲೆ ಬರುವ ಯುವಕನಿದ್ದಾನೆ. ಈ ದೇವರ ಜಾಗ ಪೀಠದ ಮೇಲಲ್ಲ, ಕೆಳಗೆ. ನೈವೇದ್ಯ ಹಸಿ ಮೊಟ್ಟೆ, ಹಸಿ ಮಾಂಸ. ನನ್ನ ಲೆಕ್ಕದಲ್ಲಿ ಮೊದಲ ಭಾಗಕ್ಕಿಂತ ಇದೇ ಗಟ್ಟಿ.

‘ಡಿಟೆನ್ಶನ್’ (2019) ಬೇರೆ ಜಾತಿಯದು. ಕಥೆ ನಡೆಯುವುದು 1962ರಲ್ಲಿ, ‘ಶ್ವೇತ ಭಯೋತ್ಪಾದನೆ’ಯ ಕಾಲದಲ್ಲಿ, ಅಂದರೆ ಸೇನಾ ಕಾನೂನಿನಡಿ ಸರ್ಕಾರ ತನ್ನ ವಿರೋಧಿಗಳನ್ನು ಹಿಡಿದು ಶಿಕ್ಷಿಸುತ್ತಿದ್ದ ಕಾಲದಲ್ಲಿ. ಆ ರಾಜಕೀಯ ಗೊತ್ತಿಲ್ಲದಿದ್ದರೆ ಸಪ್ಪೆ ಅನ್ನಿಸಬಹುದು.

ಇಷ್ಟಾದ ಮೇಲೆ ಕೆವಿನ್ ಕೋ ನಿರ್ದೇಶನದ ‘ಇನ್‌ಕ್ಯಾಂಟೇಶನ್’ (2022) ಮತ್ತೆ ಹಾಕಿ. 2005ರಲ್ಲಿ ಕಾವ್‌ಶಿಯುಂಗ್‌ನ ಆರು ಜನರ ಕುಟುಂಬವೊಂದು ತಮ್ಮ ಮೈಮೇಲೆ ದೇವರುಗಳು ಬಂದಿವೆ ಅನ್ನುತ್ತಿತ್ತು. ಕೊನೆಗೆ ಹಿರಿಮಗಳು ಸತ್ತಳು. ಸ್ಫೂರ್ತಿ ಅಲ್ಲಿಂದ. ಆದರೆ ಸಿನಿಮಾದ ಮಾತೃದೇವತೆ ಪೂರ್ತಿ ಕಲ್ಪಿತ, ಯಾವ ಗುಡಿಯಲ್ಲೂ ಹುಡುಕಬೇಡಿ. ಶುರುವಿನಲ್ಲೇ ರೈಲು ಯಾವ ಕಡೆ ಓಡುತ್ತಿದೆ ಅಂತ ನಿಮ್ಮನ್ನು ಕೇಳುತ್ತದೆ. ನೀವು ಅಂದುಕೊಂಡ ಕಡೆಗೇ ಓಡುತ್ತದೆ. ಕಥೆಯ ಬೀಗದ ಕೈ ಅಲ್ಲೇ ಇದೆ, ಹಾರಿಸಬೇಡಿ.

ಡಬ್ ಆದದ್ದು ಬೇಡ, ಸಬ್‌ಟೈಟಲ್ ಹಾಕಿ ಮೂಲ ಧ್ವನಿಯಲ್ಲೇ ನೋಡಿ. ಹುಡುಗರು ಮ್ಯಾಂಡರಿನ್ ಆಡಿದರೆ, ಅಜ್ಜಿಯರು, ಗುಡಿಯವರು ಹೆಚ್ಚಾಗಿ ತೈವಾನೀಸ್‌ಗೆ ಹೊರಳುತ್ತಾರೆ. ಡಬ್‌ನಲ್ಲಿ ಆ ವ್ಯತ್ಯಾಸ ಕೇಳಿಸುವುದೇ ಇಲ್ಲ.