ಓದಿದ ಮಾಡೆಲ್‌ಗಳು ರೋಗಿಯ ಮುಂದೆ ಕೂತಾಗ ಉಪಯೋಗಕ್ಕೆ ಬರುತ್ತವೆಯೇ?

ಕೀಲ್‌ಹಾಫ್‌ನರ್ ಅವರ ಮಾಡೆಲನ್ನು (ಮನುಷ್ಯ ದಿನನಿತ್ಯದ ಕೆಲಸಗಳನ್ನು ಏಕೆ, ಹೇಗೆ ಮಾಡುತ್ತಾನೆ ಎಂದು ವಿವರಿಸುವ ಸಿದ್ಧಾಂತ) ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ, ವಾರ್ಡಿನಲ್ಲಿ ಯಾರೂ ಅದರ ಹೆಸರೆತ್ತುವುದಿಲ್ಲ, ಹಾಗಾದರೆ ಓದುವುದು ಯಾಕೆ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್, ಕಾಯಿಲೆಯಾದವರು ದಿನದ ಕೆಲಸಗಳಿಗೆ ಮರಳಲು ನೆರವಾಗುವುದು ನನ್ನ ಕೆಲಸ. ಹೆಸರೆತ್ತುವುದಿಲ್ಲ ಎನ್ನುವುದು ನಿಜ. ಆದರೆ ರೋಗಿಯನ್ನು ಮೊದಲು ಏನು ಕೇಳಬೇಕು ಎನ್ನುವುದು ಅಲ್ಲಿಂದಲೇ ಬರುತ್ತದೆ.

ಕುಂದಗೋಳ ಕಡೆಯ ಒಬ್ಬ ಅವ್ವ. ಲಕ್ವಾ ಹೊಡೆದು ಬಲಗೈ ಸೋತಿತ್ತು. ಎರಡು ವಾರ ವ್ಯಾಯಾಮಕ್ಕೆಂದು ಕೋನ್ ಎತ್ತಿಡಿಸಿದೆ, ಹಲಗೆಯ ತೂತಿಗೆ ಪೆಗ್ (ಚಿಕ್ಕ ಗೂಟ) ಸಿಗಿಸಲು ಹೇಳಿದೆ. ನಾಲ್ಕು ಸಲ ಮಾಡಿ ಸುಮ್ಮನಾಗುತ್ತಿದ್ದರು. ಫೈಲಿನಲ್ಲಿ ‘ಆಸಕ್ತಿ ಕಡಿಮೆ’ ಎಂದು ಬರೆದೆ. ಆ ಸಾಲಿಗೆ ಇವತ್ತಿಗೂ ಬೇಸರವಿದೆ. 1980ರಲ್ಲಿ ಪ್ರಕಟವಾದ ಆ ಮಾಡೆಲ್‌ನಲ್ಲಿ ಕೈಯ ಶಕ್ತಿ ಒಂದು ಭಾಗ ಅಷ್ಟೇ. ಮನಸ್ಸು ಯಾವುದರ ಮೇಲಿದೆ, ದಿನದ ರೂಢಿ ಏನಿತ್ತು, ಮನೆಯಲ್ಲಿ ಅವರ ಪಾತ್ರವೇನು, ಸುತ್ತಲಿನವರು ಮಾಡಗೊಡುತ್ತಾರೆಯೇ, ಇವೆಲ್ಲ ಅದರಲ್ಲಿವೆ. ಪರೀಕ್ಷೆಯಲ್ಲಿ ಬರೆದಿದ್ದೆ, ಆ ಅವ್ವನನ್ನು ಕೇಳಿರಲಿಲ್ಲ.

ಆಮೇಲೆ ಕೆನಡಾದ ಸಿಒಪಿಎಂ (ಯಾವ ದಿನನಿತ್ಯದ ಕೆಲಸ ಕಷ್ಟವಾಗಿದೆ ಎಂದು ರೋಗಿಯನ್ನೇ ಕೇಳಿ ಅಳೆಯುವ ವಿಧಾನ) ಹಿಡಿದು ಕೂತೆ. ಅದರಲ್ಲಿ ರೋಗಿಯೇ ಕೆಲಸ ಆರಿಸಿ 1ರಿಂದ 10ರವರೆಗೆ ಅಂಕ ಕೊಡಬೇಕು. “ಅವ್ವಾರ, ಯಾವ ಕೆಲಸ ಮಾಡಾಕ ಬರವಲ್ದು ಅಂತ ಮನಸ್ಸಿಗೆ ಹತ್ತೇತ್ರಿ?” ಅಂದೆ.

“ರೊಟ್ಟಿ ಬಡಿಯೂದ್ರಿ. ಸೊಸಿ ಒಲಿ ಮುಂದ ಬರಾಕ ಬಿಡವಲ್ಲಳು.”

ಅವರು ಕೊಟ್ಟ ಅಂಕ: ಆ ಕೆಲಸದ ಮಹತ್ವಕ್ಕೆ 10, ಈಗ ಎಷ್ಟು ಚೆನ್ನಾಗಿ ಮಾಡುತ್ತಾರೆ ಎನ್ನುವುದಕ್ಕೆ 1, ಅದರ ಬಗ್ಗೆ ಸಮಾಧಾನಕ್ಕೆ 1.

ಮರುದಿನ ಜೋಳದ ಹಿಟ್ಟು ತರಿಸಿದೆ. ರೊಟ್ಟಿ ಬಡಿಯುವುದನ್ನು ನೀವು ಒಮ್ಮೆ ಥೆರಪಿಸ್ಟ್ ಕಣ್ಣಿನಿಂದ ನೋಡಬೇಕು. ನಾದುವಾಗ ಮೈಭಾರ ಭುಜದಿಂದ ಅಂಗೈಗೆ ಇಳಿಯುತ್ತದೆ. ಬಡಿಯುವಾಗ ಎರಡೂ ಕೈ ಒಂದೇ ಲಯಕ್ಕೆ ಬರಬೇಕು, ರೊಟ್ಟಿ ಅಗಲವಾದಂತೆ ಬೆರಳು ಬಿಚ್ಚಬೇಕು. ಕೋನಿನಲ್ಲಿ ನಾನು ಹುಡುಕುತ್ತಿದ್ದ ಚಲನೆಗಳೆಲ್ಲ ಅಲ್ಲಿದ್ದವು. ಮೊದಲು ಬರೀ ನಾದುವುದು, ಆಮೇಲೆ ಪೂರಿಯಷ್ಟು ಚಿಕ್ಕ ರೊಟ್ಟಿ, ಅದೂ ನೆಲದ ಬದಲು ಟೇಬಲ್ ಮೇಲೆ. ಬಲಗೈಗೆ ಬಿಸಿ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಾಗಾಗಿ ಎಸರು ಹಾಕಿದ ಹಿಟ್ಟನ್ನು ಸೊಸೆ ತಣ್ಣಗಾಗಿಸಿ ಕೊಡಬೇಕು, ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚುವ ಕೆಲಸ ಎಡಗೈಗೆ.

ಸೊಸೆಯ ಜೊತೆ ಮಾತಾಡಲು ಇಡೀ ಒಂದು ಸೆಷನ್ ಹಿಡಿಯಿತು. “ನೀವು ಕುಂದರ್ರಿ ಅತ್ತಿ” ಎಂದು ಆಕೆ ಪ್ರೀತಿಯಿಂದಲೇ ಹೇಳುತ್ತಿದ್ದಳು. ಅದರಿಂದ ಅತ್ತೆಗೆ ಮನೆಯಲ್ಲಿ ಕೆಲಸವೇ ಉಳಿದಿರಲಿಲ್ಲ. ದಿನಕ್ಕೆ ಎರಡು ರೊಟ್ಟಿ ಅತ್ತೆಯವು ಎಂದು ಒಪ್ಪಿಸಿದೆ. ಮೂರು ತಿಂಗಳಿಗೆ ಮಾಡುವ ಅಂಕ 4, ಸಮಾಧಾನ 8. ಕೈ ಪೂರ್ತಿ ಬರಲಿಲ್ಲ, ರೊಟ್ಟಿಯ ಅಂಚು ದಪ್ಪವೇ ಉಳಿಯಿತು. ಆದರೂ ಈ ಅಳತೆಯಲ್ಲಿ 2 ಅಂಕ ಏರಿದರೇ ದೊಡ್ಡ ಬದಲಾವಣೆ.

ಎಲ್ಲರಿಗೂ ಇದೇ ದಾರಿ ಎಂದುಕೊಳ್ಳಬೇಡಿ. ಬೆಟಗೇರಿಯ ನೇಕಾರರೊಬ್ಬರು ಬೆರಳಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಕತ್ತರಿಸಿಹೋಗಿ, ಹೊಲಿಗೆ ಹಾಕಿಸಿಕೊಂಡು ಬಂದಾಗ ಬಯೋಮೆಕಾನಿಕಲ್ ಚೌಕಟ್ಟನ್ನೇ, ಅಂದರೆ ಕೀಲು, ಸ್ನಾಯುಗಳ ಚಲನೆ ಮತ್ತು ಶಕ್ತಿಯನ್ನು ನೋಡುವ ಕ್ರಮವನ್ನೇ, ಮೊದಲು ಹಿಡಿದೆ: ಹೊಲಿಗೆ ಹರಿಯದಂತೆ ಸ್ಪ್ಲಿಂಟ್ (ಕೈಯನ್ನು ಅಲುಗದಂತೆ ಹಿಡಿದಿಡುವ ಪಟ್ಟಿ), ಯಾವ ವಾರ ಎಷ್ಟು ಮಡಚಬಹುದು ಎಂಬ ಲೆಕ್ಕ. ಮಗ್ಗಕ್ಕೆ ಮರಳುವ ಮಾತು ಆಮೇಲೆ ಬಂತು.

ಮುಂದಿನ ಪೋಸ್ಟಿಂಗಿನಲ್ಲಿ ಒಬ್ಬ ರೋಗಿಯನ್ನಾದರೂ ಕೇಳಿ: ಕಾಯಿಲೆಗೆ ಮುಂಚೆ ಬೆಳಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದಿರಿ? ಜೊತೆಗೆ ಬಂದವರನ್ನೂ ಬೇರೆಯಾಗಿ ಅದನ್ನೇ ಕೇಳಿ. ಎರಡು ಉತ್ತರ ಹೊಂದದಿದ್ದರೆ ಅಲ್ಲಿಂದಲೇ ಶುರು ಮಾಡಿ.